ಮೇಸ್ತ್ರಿಗೆನ್ನೆ

ಜನವರಿ ೮

ಅಪ್ಪಾ,

ಬಾಯಿಂದ ದುಡಿಯುವವರ ಕಾರ್ಖಾನೆಯಲ್ಲಿ ಬಾಯಿಯ ಕಾಯಿಲೆಗೆ ರಜೆಯಿಲ್ಲ. ಇದು ಅನ್ಯಾಯ. ಹೇಗಿದ್ದೀ ಎಂದು ಕೇಳುವ ಮೊದಲೇ ಇದನ್ನು ಬರೆದೆ, ಏಕೆಂದರೆ ನೀನು ಹೇಗಿದ್ದೀ ಎಂಬುದನ್ನು ಅತ್ತೆ ಕಾರ್ಡಿನಲ್ಲಿ ತಿಳಿಸಿದ್ದಾರೆ. ಎಡಗಡೆ ಕೆಳದವಡೆಯ ಕೊನೆಯ ಹಲ್ಲು ಹುಳುಕಾಗಿ ಮೂರು ದಿನ ಊಟ ಬಿಟ್ಟೆಯಂತೆ. ನಾಲ್ಕನೆಯ ದಿನ ಏಳಲಾರದೆ ಮಲಗಿದ್ದಕ್ಕೆ ಹಾಜರಿ ಪುಸ್ತಕದಲ್ಲಿ ‘ಕಾರಣವಿಲ್ಲದೆ ಗೈರು’ ಎಂದು ಬರೆದರಂತೆ.

ನಿಮ್ಮ ಗಾಜಿನ ಕಾರ್ಖಾನೆಯ ನಿಯಮಪುಸ್ತಕ ನನ್ನ ಮೇಜಿನ ಮೇಲಿದೆ. ಕಣ್ಣಿಗೆ ಕಿಡಿ ಹಾರಿದರೆ ರಜೆ. ಕೈ ಸುಟ್ಟರೆ ರಜೆ. ಎದೆಯಲ್ಲಿ ಕಫ ಕಟ್ಟಿದರೆ ರಜೆ. ಕಾಲ್ಬೆರಳಿನ ಉಗುರಿಗೂ ಒಂದು ಸಾಲಿದೆ. ಹಲ್ಲು ಎಂಬ ಪದವನ್ನು ನಾನು ಬೆರಳಿಟ್ಟು ಹುಡುಕಿದೆ, ಇಲ್ಲ. ಮೂವತ್ತೊಂದು ವರ್ಷ ಊದುಕೊಳವೆಯನ್ನು ತುಟಿಗೆ ಒತ್ತಿ ಇವರಿಗಾಗಿ ದೀಪದ ಬುರುಡೆ ಊದಿದವನ ಬಾಯಿ ಇವರ ಪುಸ್ತಕದ ಪ್ರಕಾರ ಅವನ ಸ್ವಂತ ವಿಷಯ!

ನಾನು ಸುಮ್ಮನೆ ಕೂತಿಲ್ಲ. ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಿದ್ದೇನೆ. ಫೆಬ್ರವರಿ ಹತ್ತಕ್ಕೆ ತನಿಖಾಧಿಕಾರಿ ಬಂದು ಕಣ್ಣಾರೆ ನೋಡುತ್ತಾರೆಂದು ಉತ್ತರ ಬಂದಿದೆ. ನಿನ್ನಿಂದ ಒಂದನ್ನು ಮಾತ್ರ ಕೇಳುತ್ತೇನೆ. ಅಲ್ಲಿಯವರೆಗೆ ಆ ಹಲ್ಲನ್ನು ಕೀಳಿಸಬೇಡ. ಕಿತ್ತ ಹಲ್ಲು ಯಾರ ಬಾಯಿಯದೆಂದು ಯಾರು ನಂಬುತ್ತಾರೆ? ನಿನ್ನ ಬಾಯಲ್ಲೇ ಇದ್ದರೆ ಅದು ಸಾಕ್ಷಿ.

ಎರಡು ವರ್ಷದ ಹಿಂದೆ ನಾನು ಮಾಲೀಕರ ವಿರುದ್ಧ ಬರೆದು ಗೇಟಿಗೆ ಅಂಟಿಸಿದ ಕಾಗದವನ್ನು ಎಲ್ಲರ ಎದುರಿಗೆ ನೀನೇ ಹರಿದು ಹಾಕಿದೆ. ಅದೇ ಮಧ್ಯಾಹ್ನ ನಾನು ಊರು ಬಿಟ್ಟೆ. ಅದನ್ನು ಎತ್ತಬಾರದೆಂದುಕೊಂಡಿದ್ದೆ, ಎತ್ತಿಬಿಟ್ಟೆ. ಈ ಸಲ ಹರಿಯಬೇಡ, ಅಷ್ಟೇ.

ಇಲ್ಲಿ ಪ್ರೆಸ್ಸಿನಲ್ಲಿ ಬೆಳಗಿನ ಬಿಸಿಲು ಬಿದ್ದಾಗ ನಾನು ಜೋಡಿಸಿಟ್ಟ ಸೀಸದ ಅಕ್ಷರದ ಮೊಳೆಗಳು ಒಂದು ಗಳಿಗೆ ಗಾಜಿನಂತೆ ಹೊಳೆಯುತ್ತವೆ. ಆಗ ನಿನ್ನ ಕುಲುಮೆಯ ಬೆಳಕು ನೆನಪಾಗುತ್ತದೆ. ಇದನ್ನು ಹೊಗಳಿಕೆ ಎಂದು ತಿಳಿಯಬೇಡ.

ನಿನ್ನ
ಗರಗಸ


ಜನವರಿ ೨೦

ನನ್ನ ಗರಗಸವೇ,

ಎರಡು ವರ್ಷದ ಮೇಲೆ ಕಾಗದ ಬಂತು. ಲಕೋಟೆ ಒಡೆಯುವ ಮೊದಲು ಮೂಸಿ ನೋಡಿದೆ. ಮಸಿಯ ವಾಸನೆ. ಮಾತು ಕಲಿತ ದಿನದಿಂದ ಕೊಯ್ಯುತ್ತಲೇ ಇದ್ದೀ ಎಂದು ನಾನೇ ಇಟ್ಟ ಹೆಸರು ಅದು. ಹಲ್ಲು ಮೊಂಡಾಗಿಲ್ಲ ಎಂದು ಮೊದಲ ಸಾಲಿಗೇ ತಿಳಿಯಿತು.

ನಿನ್ನ ಅತ್ತೆ ಪ್ಯಾಕಿಂಗ್ ಶೆಡ್ಡಿನಲ್ಲಿ ಬುರುಡೆಗಳಿಗೆ ಹುಲ್ಲು ಸುತ್ತುತ್ತಾ ಕೂತು ಕಾರ್ಡು ಬರೆದದ್ದು ನನಗೆ ಗೊತ್ತೇ ಇರಲಿಲ್ಲ. ಕೇಳಿದರೆ, “ನಿನ್ ಬಾಯಲ್ಲಿ ಹಲ್ಲು ಒಂದೇ ಇರೋದಾ? ನಾಲಿಗೇನೂ ಇದೆಯಲ್ಲ, ಮಗಳಿಗೆ ನೀನೇ ಹೇಳ್ಬಹುದಿತ್ತು” ಎಂದಳು. ಅಕ್ಕನಿಗೆ ಎದುರುತ್ತರ ಕೊಟ್ಟು ಗೆದ್ದವರು ನಮ್ಮ ವಂಶದಲ್ಲಿಲ್ಲ.

ಲವಂಗ ಕಚ್ಚಿಕೊಂಡಿದ್ದೇನೆ. ಉಪ್ಪುನೀರು ಮುಕ್ಕಳಿಸುತ್ತೇನೆ. ಕೊಳವೆಗೆ ಉಸಿರು ಬಿಡುವಾಗ ನೋವೂ ಅದರೊಡನೆ ಹೋಗಿ ಗಾಜಿನಲ್ಲಿ ಒಂದು ಗುಳ್ಳೆಯಾಗಿ ನಿಲ್ಲುತ್ತದೇನೋ ಅನ್ನಿಸುತ್ತದೆ. ಬೆಳಕಿಗೆ ಹಿಡಿದು ನೋಡುತ್ತೇನೆ. ಇಲ್ಲ, ಬುರುಡೆ ಚೊಕ್ಕವಾಗಿಯೇ ಇರುತ್ತದೆ. ಆಮೇಲೆ ಅದು ಯಾರದೋ ಮನೆಗೆ ಹೋಗಿ ಉರಿಯುತ್ತದೆ.

ಕೆನ್ನೆ ಸ್ವಲ್ಪ ಊದಿದೆ. ಇಲ್ಲಿ ಅದೊಂದು ತಮಾಷೆಯಾಗಿದೆ. ಮೇಸ್ತ್ರಿಗೆನ್ನೆ ಎಂದರೆ ನಿನಗೆ ಗೊತ್ತೇ ಇದೆ: ಇಪ್ಪತ್ತು ಮೂವತ್ತು ವರ್ಷ ಊದಿದವರ ಕೆನ್ನೆ ಸಡಿಲಾಗಿ ಚೀಲದಂತೆ ಉಬ್ಬಿ ಜೋಲುತ್ತದಲ್ಲ, ಅದು. ಅದು ಬಂದವನೇ ನಿಜವಾದ ಮೇಸ್ತ್ರಿ ಎಂದು ಇವರ ಲೆಕ್ಕ. ನನ್ನದು ಒಣಕಲು ಮುಖ, ಇಷ್ಟು ವರ್ಷವಾದರೂ ಬಂದಿರಲಿಲ್ಲ. ಮೊನ್ನೆ ಪಕ್ಕದ ಕುಲುಮೆಯ ಕುಳ್ಳ ಬಂದು ಬೆನ್ನು ತಟ್ಟಿದ. “ಅಂತೂ ಬಂತಲ್ಲೋ ಮೇಸ್ತ್ರಿಗೆನ್ನೆ! ಮೂವತ್ತೊಂದು ವರ್ಷಕ್ಕೆ ಒಂದು ಕೆನ್ನೆ. ಇನ್ನೊಂದು ಯಾವಾಗ, ರಿಟೈರಾದ್ಮೇಲಾ?” ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕರೆ ನೋಯುತ್ತದೆ.

ಕಾಗದ ಹರಿದದ್ದರ ಬಗ್ಗೆ ಬರೆಯಲು ಮೂರು ಸಲ ಕೂತೆ. ಆಗಲಿಲ್ಲ. ಹಲ್ಲು ಇಟ್ಟುಕೊಳ್ಳುತ್ತೇನೆ. ದೊಡ್ಡವಳಾದ ಮೇಲೆ ನೀನು ನನ್ನನ್ನು ಕೇಳಿದ್ದು ಇದೊಂದೇ.

ಇಂತಿ
ಅಪ್ಪ


ಫೆಬ್ರವರಿ ೫

ಅಪ್ಪಾ,

ಇಲಾಖೆಯವರು ದಿನ ಮುಂದೂಡಿದ್ದಾರೆ. ಹತ್ತರ ಬದಲು ಇಪ್ಪತ್ತನಾಲ್ಕು, ಸೋಮವಾರ. ಅಧಿಕಾರಿಗೆ ಬೇರೆ ಊರಿನಲ್ಲಿ ಕೆಲಸವಂತೆ. ನಾನು ಬಿಡದೆ ಇಲಾಖೆಗೆ ಎರಡು ಕಾಗದ ಬರೆದ ಮೇಲೆ ಈ ದಿನವನ್ನು ಖಚಿತ ಮಾಡಿದರು. ಇನ್ನೂ ಹತ್ತೊಂಬತ್ತು ದಿನ. ಹಲ್ಲು ಕಚ್ಚಿಕೊಂಡು ಇರು ಎಂದು ಹೇಳಲು ಹೊರಟು ಕೈ ನಿಲ್ಲಿಸಿದೆ. ಆದರೆ ಬೇರೆ ಮಾತು ಹೊಳೆಯಲಿಲ್ಲ.

ಕಳೆದ ವಾರ ಒಂದು ಕರಪತ್ರಕ್ಕೆ ಮೊಳೆ ಜೋಡಿಸಿದೆ. ಅದರಲ್ಲಿ ಒಂದು ಮಾತಿತ್ತು: ಕಷ್ಟವನ್ನು ಬಚ್ಚಿಡುವವನು ಕಷ್ಟ ಕೊಡುವವನ ಕೈಯನ್ನು ಬಲಪಡಿಸುತ್ತಾನೆ. ನೀನು ಜೀವನವಿಡೀ ಬಚ್ಚಿಟ್ಟೆ. ಈಗ ಒಂದು ಸಲ, ಒಂದೇ ಸಲ, ಬಾಯಿ ತೆರೆದು ತೋರಿಸು. ನಿನ್ನ ಒಂದು ಹಲ್ಲಿನಿಂದ ಅಲ್ಲಿರುವ ಹದಿನೇಳು ಊದುವವರಿಗೂ ಇನ್ನು ಮುಂದೆ ಬರುವವರಿಗೂ ಪುಸ್ತಕದಲ್ಲಿ ಒಂದು ಸಾಲು ಸಿಗುತ್ತದೆ. ಒಂದು ಸಾಲು ಎಂದರೆ ಎಷ್ಟು ಭಾರ ಎಂಬುದು ಮೊಳೆ ಜೋಡಿಸುವವರಿಗೆ ಗೊತ್ತು.

ನಮ್ಮ ಬೀದಿಯ ಕೊನೆಯಲ್ಲಿ ಹಳೆಯ ಸಾಮಾನಿನ ಅಂಗಡಿಯಿದೆ. ಅಲ್ಲಿ ದೀಪದ ಬುರುಡೆಗಳ ಸಾಲು ಕಂಡೆ. ಕೆಳಗೆ ನಿಮ್ಮ ಕಾರ್ಖಾನೆಯ ಗುರುತು. ಒಂದನ್ನೆತ್ತಿ ಅದರ ಬಾಯಿಗೆ ಕಿವಿ ಇಟ್ಟೆ. ಸಮುದ್ರದಂಥ ಸದ್ದು, ತುಂಬ ದೂರದ್ದು. ಅದು ನಿನ್ನ ಉಸಿರೇ ಎಂದು ನಂಬಿ ಸುಮಾರು ಹೊತ್ತು ನಿಂತಿದ್ದೆ. ಬೀದಿ, ಸೈಕಲ್ಲುಗಳು, ಎದುರಿನ ಗೋಡೆ ಎಲ್ಲ ಆ ಗಾಜಿನಾಚೆ ಬಾಗಿ ತೇಲುತ್ತಿದ್ದವು. ಅಂಗಡಿಯವನು, “ಏನಮ್ಮಾ, ಫೋನ್ ಯಾರದು?” ಎಂದ.

“ನಮ್ಮಪ್ಪಂದು” ಎಂದೆ.

ನಿನ್ನ
ಗರಗಸ


ಫೆಬ್ರವರಿ ೧೪

ಮಗಳೇ,

ಒಂದು ಸಮಾಚಾರ. ಒಳ್ಳೆಯದೋ ಕೆಟ್ಟದ್ದೋ ನೀನೇ ಹೇಳಬೇಕು. ಹಲ್ಲುನೋವು ನಿಂತುಹೋಯಿತು.

ಮಂಗಳವಾರ ಮಧ್ಯಾಹ್ನ ಊಟದ ಗಂಟೆ ಹೊಡೆದಾಗ ಗೋಡೆಗೊರಗಿ ಕೂತಿದ್ದೆ. ಆರು ವಾರದಿಂದ ದವಡೆಯಲ್ಲಿ ಯಾರೋ ಸುತ್ತಿಗೆ ಹಿಡಿದು ಕೂತಿದ್ದರಲ್ಲ, ಅವರು ಸಾಮಾನು ಎತ್ತಿಕೊಂಡು ಎದ್ದು ಹೋದ ಹಾಗಾಯಿತು. ಇದ್ದಕ್ಕಿದ್ದಂತೆ ಅಷ್ಟು ಮೌನ. ಕಾರ್ಖಾನೆಯ ಸದ್ದೂ ಕೇಳಿಸಲಿಲ್ಲ. ಬಿಸಿಲಕೋಲಿನಲ್ಲಿ ಗಾಜಿನ ಧೂಳು ಮೆಲ್ಲಗೆ ಇಳಿಯುವುದನ್ನು ನೋಡುತ್ತಾ ಕೂತೆ. ಗಂಟೆ ಎರಡನೆಯ ಸಲ ಹೊಡೆದದ್ದೂ ತಿಳಿಯಲಿಲ್ಲ. ಕುಳ್ಳ ಬಂದು ಅಲ್ಲಾಡಿಸಿ, “ಏನು ಮೇಸ್ತ್ರಿ, ಸ್ವರ್ಗ ನೋಡ್ಕೊಂಡ್ ಬಂದ್ಯಾ?” ಎಂದ.

ಊತ ಹಾಗೇ ಇದೆ, ಸ್ವಲ್ಪ ಕೆಳಗಿಳಿದಿದೆ. ಬಾಯಲ್ಲಿ ಆಗಾಗ ಒಂದು ಕೆಟ್ಟ ರುಚಿ, ತುಕ್ಕು ನೆಕ್ಕಿದ ಹಾಗೆ. ನೋವಿಲ್ಲ.

ಈಗ ನನ್ನ ಕಷ್ಟ ಇದು. ನೋವಿಲ್ಲದ ಹಲ್ಲು ಹಿಡಿದುಕೊಂಡು ನಾನು ಅಧಿಕಾರಿಯ ಮುಂದೆ ನಿಂತರೆ ಅದು ಸುಳ್ಳುಸಾಕ್ಷಿ ಆಗುವುದಿಲ್ಲವೇ? ನಿನ್ನ ಅತ್ತೆಯನ್ನು ಕೇಳಿದೆ. ಅವಳು, “ಸಾಕ್ಷಿನೂ ಬೇಡ ಸಂತೇನೂ ಬೇಡ. ಮೊದಲು ಹೋಗಿ ಕೀಳಿಸ್ಕೊ. ನೋವು ಹಲ್ಲನ್ನ ಬಿಟ್ಟಿರಬಹುದು, ಹಲ್ಲು ನಿನ್ನ ಬಿಟ್ಟಿಲ್ಲ” ಎಂದಳು. ಅವಳ ಮಾತು ನನಗೆ ಪೂರ್ತಿ ಅರ್ಥವಾಗಲಿಲ್ಲ. ನೀನು ಹೇಳಿದಂತೆ ಮಾಡುತ್ತೇನೆ.

ಅಪ್ಪ


ಫೆಬ್ರವರಿ ೧೮

ಅಪ್ಪಾ,

ನೋವು ನಿಂತದ್ದು ಒಳ್ಳೆಯದೇ ಆಯಿತು, ಇನ್ನು ನೀನು ಊಟ ಮಾಡಬಹುದು. ಸಾಕ್ಷಿ ಸುಳ್ಳಾಗುವುದಿಲ್ಲ. ಹುಳುಕು ಇದೆ, ಊತ ಇದೆ, ಗೈರು ಎಂದು ಬರೆದ ಪುಸ್ತಕ ಇದೆ. ಇನ್ನು ಆರೇ ದಿನ. ಈಗ ಕಿತ್ತರೆ ಇಷ್ಟು ದಿನ ಕಾದದ್ದು ನೀರಿನಲ್ಲಿ ಹೋಮ.

ಅತ್ತೆಗೆ ಹೇಳು: ಬುರುಡೆಗೆ ಹುಲ್ಲು ಸುತ್ತಿದ ಹಾಗೆ ಮನುಷ್ಯರನ್ನೂ ಸುತ್ತಿಟ್ಟರೆ ಒಡೆಯದೆ ಉಳಿಯಬಹುದು, ಉರಿಯುವುದಿಲ್ಲ.

ಈ ವಾಕ್ಯ ನನಗೆ ತುಂಬ ಹಿಡಿಸಿತು. ಎಲ್ಲಾದರೂ ಅಚ್ಚು ಹಾಕಿಸುತ್ತೇನೆ.

ಗರಗಸ


ಫೆಬ್ರವರಿ ೨೬

ಮಗಳೇ,

ತನಿಖಾಧಿಕಾರಿ ಬಂದಿದ್ದರು. ಬರೆಯುವುದು ಸ್ವಲ್ಪ ಓರೆಯಾಗುತ್ತಿದೆ, ಕಾಗದವೇ ಓರೆ ಇರಬೇಕು.

ಸೋಮವಾರ ಹನ್ನೊಂದಕ್ಕೆ ಬಂದರು. ಸಭ್ಯ ಮನುಷ್ಯ, ಕನ್ನಡಕದವರು. ಶಾಖಕ್ಕೆ ಕನ್ನಡಕ ಮಂಜಾಗಿ ಒರೆಸಿಕೊಳ್ಳುತ್ತಲೇ ಇದ್ದರು. ಊದುವವರನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಹದಿನೇಳು ಜನ. ಅವರು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದರು, ಮತ್ತೆ ಈ ತುದಿಗೆ ಬಂದರು. “ಇವರಲ್ಲಿ ಹಲ್ಲಿನ ಊತ ಇರೋರು ಯಾರು?” ಎಂದು ಕೇಳಿದರು. ಮಗಳೇ, ಹನ್ನೆರಡು ಜನಕ್ಕೆ ಮೇಸ್ತ್ರಿಗೆನ್ನೆ! ಎಲ್ಲರೂ ಊದಿದ ಮುಖದವರೇ. ಕುಳ್ಳನ ಮುಂದೆ ಕುಂಬಳಕಾಯಿ ನಾಚಬೇಕು. ಒಬ್ಬ ನಕ್ಕ, ಇನ್ನೊಬ್ಬ ನಕ್ಕ, ಸಾಲೆಲ್ಲ ನಕ್ಕಿತು. ನಾನು ಮುಂದೆ ಬಂದು “ನಾನು” ಎಂದೆ. ಬಾಯಿ ತೆರೆಯಿರಿ ಎಂದರು. ತೆರೆಯಲಿಲ್ಲ. ನಾನು ತೆರೆಯಲಿಲ್ಲ ಎಂದಲ್ಲ, ಅದು ತೆರೆಯಲಿಲ್ಲ. ಒಂದು ಬೆರಳು ಹಿಡಿಸುವಷ್ಟು, ಅಷ್ಟೇ. ನೋವಿದೆಯೇ ಎಂದು ಕೇಳಿದರು. ಇಲ್ಲ ಎಂದೆ. ಸುಳ್ಳು ಹೇಳಲು ಬರಲಿಲ್ಲ.

‘ಕೆನ್ನೆಯ ಊತ ವೃತ್ತಿಯ ಸಹಜ ಲಕ್ಷಣ’ ಎಂದು ಬರೆದುಕೊಂಡು ಹೋದರು. ನಿನಗೆ ಹೇಗೆ ಹೇಳಲಿ ಎಂದು ಎರಡು ದಿನ ಬರೆಯಲಿಲ್ಲ.

ಇನ್ನು ಕೀಳಿಸುತ್ತೇನೆ, ಈ ವಾರದ ಪಾಳಿ ಮುಗಿಯಲಿ. ಈಗ ಊತ ಕೆನ್ನೆಯಿಂದ ಗಲ್ಲದ ಕೆಳಗೆ ಬಂದು ಎರಡೂ ಕಡೆ ಹರಡಿದೆ. ಅಂಗಿಯ ಕೊರಳ ಗುಂಡಿ ಹಾಕಲಾಗುವುದಿಲ್ಲ. ಮುಟ್ಟಿದರೆ ಹಲಗೆಯ ಹಾಗೆ ಗಟ್ಟಿ. ನಾಲಿಗೆ ಮೇಲೆ ಎದ್ದು ಕೂತಿದೆ, ಯಾರೋ ಕೆಳಗೆ ದಿಂಬಿಟ್ಟ ಹಾಗೆ. ಮೈ ಬಿಸಿಯೋ ಏನೋ. ಕುಲುಮೆಯ ಮುಂದೆ ನಿಂತವನಿಗೆ ಯಾವುದು ಜ್ವರ, ಯಾವುದು ಕೆಲಸ?

ಒಂದು ವಿಚಿತ್ರ ಹೇಳುತ್ತೇನೆ, ನಗಬೇಡ. ಇವತ್ತು ಕಾರ್ಖಾನೆ ನೀರಿನೊಳಗಿತ್ತು. ಜನ ಮೀನುಗಳಂತೆ ಸದ್ದಿಲ್ಲದೆ ಸರಿಯುತ್ತಿದ್ದರು. ನಾನು ಕೊಳವೆಯ ತುದಿಯಲ್ಲಿ ಕರಗಿದ ಗಾಜು ತಿರುಗಿಸುತ್ತಿದ್ದೆ. ನೀನು ಬಂದೆ, ಐದು ವರ್ಷದವಳು, ಬರಿಗಾಲಲ್ಲಿ. “ಅಪ್ಪಾ, ಆ ಕಿತ್ತಳೆ ನಂಗೆ” ಎಂದೆ. ಬಿಸಿ ಕಣೇ, ಆರಲಿ ಎಂದೆ. ಆರುವವರೆಗೆ ನೀನು ನಿಂತಿರಲಿಲ್ಲ.

ಅಪ್ಪ


ಫೆಬ್ರವರಿ ೨೮

ಅಪ್ಪಾ,

ನಿನ್ನ ಕಾಗದ ಇವತ್ತು ಬೆಳಗ್ಗೆ ಬಂತು. ಓದಿ ನನಗೆ ಸಿಟ್ಟು ಬಂತು, ಅಧಿಕಾರಿಯ ಮೇಲೆ. ಆ ಸಿಟ್ಟಿನಲ್ಲಿ ಕಾಗದವನ್ನು ಜೇಬಿಗೆ ತುರುಕಿ ಕೆಲಸಕ್ಕೆ ಕೂತೆ. ಆರೋಗ್ಯ ಇಲಾಖೆಯ ಒಂದು ಕರಪತ್ರ ಅಚ್ಚಿಗೆ ಬಂದಿತ್ತು. ವಿಷಯ ಹಲ್ಲು. ನಮ್ಮ ಹೋರಾಟಕ್ಕೆ ಅನುಕೂಲವಾದೀತೆಂದು ಖುಷಿಯಿಂದಲೇ ಕೈಗೆತ್ತಿಕೊಂಡೆ.

ಮೊಳೆಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಜೋಡಿಸುತ್ತೇವೆ. ಒಂದೊಂದು ಅಕ್ಷರವಾಗಿ ಓದುವುದರಿಂದ ಅರ್ಥ ತಡವಾಗಿ ಬರುತ್ತದೆ. ನನಗೂ ತಡವಾಗಿ ಬಂತು. ‘ಹಲ್ಲುನೋವು ತಾನಾಗಿ ನಿಂತರೆ ವಾಸಿಯಾಯಿತೆಂದು ತಿಳಿಯಬೇಡಿ. ಒಳಗಿನ ನರ ಸತ್ತಿರಬಹುದು. ಸೋಂಕು ಬದುಕಿಯೇ ಇರುತ್ತದೆ. ಬೇರಿನ ಕೀವು ದವಡೆಯ ಮೂಳೆಯನ್ನು ದಾಟಿ ನಾಲಿಗೆಯ ಅಡಿಗೆ, ಕತ್ತಿಗೆ, ಎದೆಗೆ ಇಳಿಯಬಹುದು. ರಕ್ತಕ್ಕೆ ಸೇರಬಹುದು. ಮಿದುಳಿಗೂ ಏರಬಹುದು.’ ಆಮೇಲಿನ ಸಾಲು: ‘ಬಾಯಿ ತೆರೆಯಲಾಗದಿದ್ದರೆ, ಗಲ್ಲದ ಕೆಳಗೆ ಗಟ್ಟಿಯಾಗಿ ಊದಿದರೆ, ನಾಲಿಗೆ ಮೇಲೆದ್ದರೆ, ಜೊಲ್ಲು ನುಂಗಲಾಗದಿದ್ದರೆ, ದನಿ ಬದಲಾದರೆ ಒಂದು ಗಂಟೆಯೂ ಕಾಯಬೇಡಿ. ಉಸಿರಿನ ದಾರಿ ಮುಚ್ಚಿ ಸಾವು ಬರಬಹುದು.’

ಜೇಬಿನಿಂದ ನಿನ್ನ ಕಾಗದ ತೆಗೆದೆ. ಒಂದೊಂದು ಸಾಲನ್ನೂ ಪಕ್ಕದಲ್ಲಿಟ್ಟೆ. ಅಪ್ಪಾ, ನೀನು ಬರೆದದ್ದೇ ಇಲ್ಲಿ ಸೀಸದಲ್ಲಿದೆ. ಕೈಯಲ್ಲಿದ್ದ ಮೊಳೆಗಳೆಲ್ಲ ನೆಲಕ್ಕೆ ಬಿದ್ದವು.

ಯಜಮಾನರು ನಿಮ್ಮ ಗೇಟಿನ ಫೋನಿಗೆ ಟ್ರಂಕ್ ಕಾಲ್ ಬುಕ್ ಮಾಡಿದ್ದಾರೆ. “ಕೂತ್ಕೊಳಮ್ಮಾ, ಲೈನ್ ಸಿಗುತ್ತೆ, ನೀರು ಕುಡಿ” ಎನ್ನುತ್ತಿದ್ದಾರೆ. ಲೈನು ಸಿಗುವವರೆಗೆ ಕೈ ಸುಮ್ಮನಿರದೆ ಇದನ್ನು ಬರೆಯುತ್ತಿದ್ದೇನೆ. ಸಿಗದಿದ್ದರೆ ಇದಾದರೂ ತಲುಪಲಿ. ಪಾಳಿ ಬಿಡು. ಸಾಕ್ಷಿ ಬಿಡು. ನಾನು ಹೇಳಿದ್ದೆಲ್ಲ ಬಿಡು. ಅತ್ತೆಯ ಕೈ ಹಿಡಿದುಕೊಂಡು ಈಗಲೇ, ಕೆಲಸದ ಬಟ್ಟೆಯಲ್ಲೇ, ಆಸ್ಪತ್ರೆಗೆ

ಫೋನು ಬಡಿದುಕೊಳ್ಳುತ್ತಿದೆ.

ಗರಗಸ


ಮಾರ್ಚ್ ೭

ನನ್ನ ತಮ್ಮನ ಮಗಳಿಗೆ,

ನಾನು ಕಾಗದ ಬರೆಯುವವಳಲ್ಲ, ಕಾರ್ಡಿನವಳು. ಇದು ಕಾರ್ಡಿನಲ್ಲಿ ಹಿಡಿಸುವುದಿಲ್ಲ.

ಭಾನುವಾರ ನೀನು ಬಂದಾಗ ವಾರ್ಡಿನ ಬಾಗಿಲಲ್ಲಿ ನಿನ್ನನ್ನು ತಡೆದು “ನಿಲ್ಲು ಅಲ್ಲೇ, ಮಾಡಿದ್ದು ಸಾಲದಾ?” ಎಂದೆ. ಅದನ್ನು ವಾಪಸ್ಸು ತೆಗೆದುಕೊಳ್ಳುವುದಿಲ್ಲ. ಒಂದು ಮಾತು ಆಡದೆ ತಿರುಗಿ ಹೋದೆಯಲ್ಲ, ಅದು ನನಗೆ ಆಶ್ಚರ್ಯ. ಜಗಳ ಆಡುತ್ತೀ ಎಂದು ಸೆರಗು ಕಟ್ಟಿಕೊಂಡು ನಿಂತಿದ್ದೆ.

ಆದದ್ದನ್ನು ತಿಳಿಸುವುದು ನನ್ನ ಧರ್ಮ. ಶುಕ್ರವಾರ ಮಧ್ಯಾಹ್ನ ನಿನ್ನ ಫೋನು ಬಂತೆಂದು ಗೇಟಿನವನು ನನ್ನನ್ನು ಕರೆಯಲು ಓಡಿ ಬಂದ. ಅವನ ಜೊತೆ ಕುಲುಮೆಗೆ ಹೋದೆ. ನಿನ್ನ ಅಪ್ಪ ಗೋಡೆಗೊರಗಿ ಗಲ್ಲ ಮೇಲೆತ್ತಿ ಕೂತಿದ್ದ. ಬಾಯಿಂದ ಜೊಲ್ಲು ಇಳಿಯುತ್ತಿತ್ತು. “ಸೆಕೆ ಜಾಸ್ತಿ ಆಗಿದೆ ಅಕ್ಕಾ, ಸ್ವಲ್ಪ ಗಾಳಿಗೆ ಕೂರಿಸಿದೀವಿ” ಎಂದು ಕುಳ್ಳ ಬೀಸುತ್ತಿದ್ದ. ಮಾತಾಡಿಸಿದೆ. ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡವನ ಹಾಗೆ ಏನೋ ಅಂದ. ಪ್ರತಿ ಉಸಿರಿಗೂ ಸೀಟಿಯ ಸದ್ದು. ಮೂವತ್ತೊಂದು ವರ್ಷ ಊದಿದವನು ಒಂದು ಗುಟುಕು ಗಾಳಿಗೆ ಪರದಾಡುತ್ತಿದ್ದ. ಕಾರ್ಖಾನೆಯ ಲಾರಿಯಲ್ಲೇ ಹಾಕಿಕೊಂಡು ಹೋದೆವು. ಮಲಗಿಸಲು ಹೋದರೆ ಉಸಿರು ನಿಲ್ಲುತ್ತಿತ್ತು, ದಾರಿಯುದ್ದ ಕುಳ್ಳ ಅವನನ್ನು ಎತ್ತಿ ಹಿಡಿದು ಕೂತ.

ಗಂಟಲಿಗೆ ತೂತು ಮಾಡಿ ನಳಿಗೆ ಇಟ್ಟರು. ಗಲ್ಲದ ಕೆಳಗೆ ಎರಡೂ ಕಡೆ ಕೊಯ್ದು ಕೀವು ತೆಗೆದರು. ಅದು ಎದೆಯ ಕಡೆಗೆ ಇಳಿಯುತ್ತಿತ್ತಂತೆ, ಅದಕ್ಕೆ ಸೋಮವಾರ ಮತ್ತೊಮ್ಮೆ ಒಳಗೆ ಕರೆದುಕೊಂಡು ಹೋದರು. ಆ ಹಲ್ಲನ್ನೂ ಕಿತ್ತರು. ಒಬ್ಬ ನರ್ಸಮ್ಮ ತೋರಿಸಿದಳು. ಇಷ್ಟೇ ಇತ್ತು. ಇಷ್ಟಕ್ಕೆ ಮನುಷ್ಯ ಹೋಗಿಬಿಡುತ್ತಿದ್ದ.

ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟ ಇತ್ತು ಎಂದು ಡಾಕ್ಟರು ಹೇಳಿದರು. ಫೋನು ಬಂದಿರದಿದ್ದರೆ ಪಾಳಿ ಮುಗಿಯುವವರೆಗೆ ನಾನು ಶೆಡ್ಡಿನಿಂದ ಏಳುತ್ತಿರಲಿಲ್ಲ. ಇದನ್ನು ಬರೆಯದೆ ಬಿಡೋಣ ಎಂದುಕೊಂಡೆ. ಮನಸ್ಸು ಒಪ್ಪಲಿಲ್ಲ, ಬರೆದಿದ್ದೇನೆ.

ಆದರೂ ಈಗ ಬರಬೇಡ. ನಿನ್ನನ್ನು ನೋಡಿದರೆ ನನಗೆ ತಡೆಯಲಾಗುವುದಿಲ್ಲ.

ಅತ್ತೆ


ಮಾರ್ಚ್ ೧೦

ಅಪ್ಪಾ,

ಇದನ್ನು ವಾರ್ಡಿನ ನರ್ಸಮ್ಮನ ಹೆಸರಿಗೆ ಕಳಿಸುತ್ತಿದ್ದೇನೆ. ನೀನು ಓದುವ ಸ್ಥಿತಿಯಲ್ಲಿದ್ದೀಯೋ ಇಲ್ಲವೋ ನನಗೆ ಗೊತ್ತಿಲ್ಲ. ಓದಲಾಗದಿದ್ದರೆ ದಿಂಬಿನ ಕೆಳಗಿರಲಿ.

ಬಾಗಿಲಿನ ಸಣ್ಣ ಗಾಜಿನ ಕಿಂಡಿಯಿಂದ ನಿನ್ನನ್ನು ನೋಡಿದೆ. ಅತ್ತೆ ಬೆನ್ನು ತಿರುಗಿಸಿದ್ದ ಅರ್ಧ ನಿಮಿಷ. ಬಿಳಿಯ ಹಾಸಿಗೆ, ಬಿಳಿಯ ಪಟ್ಟಿ, ಕಿಟಕಿಯ ಬೆಳಕು ಎಷ್ಟು ತೆಳ್ಳಗಿತ್ತೆಂದರೆ ನೀನು ಅದರ ಮೇಲೆ ತೇಲುತ್ತಿದ್ದಂತೆ ಕಾಣುತ್ತಿದ್ದೆ. ನಿನ್ನ ತುಟಿಗಳು ಮುಚ್ಚಿದ್ದವು. ಆದರೂ ಎದೆ ಏರಿ ಇಳಿಯುತ್ತಿತ್ತು. ಬಾಯಿಯ ಹಂಗಿಲ್ಲದೆ ಉಸಿರಾಡುವ ಒಬ್ಬ ಮನುಷ್ಯ. ಏರಿದ್ದನ್ನು ಎಣಿಸಿದೆ, ಹನ್ನೊಂದು. ಹನ್ನೆರಡನೆಯದಕ್ಕೆ ಅತ್ತೆ ತಿರುಗಿದರು.

ನಾನು ಅನ್ಯಾಯಗಳನ್ನು ಹೆಸರು ಹಿಡಿದು ಕರೆಯುವವಳು. ಇದನ್ನೂ ಕರೆಯುತ್ತೇನೆ. ಕಾರ್ಖಾನೆ ನಿನ್ನ ಹಲ್ಲನ್ನು ಲೆಕ್ಕಕ್ಕೆ ಇಡಲಿಲ್ಲ. ನಾನು ಹಲ್ಲನ್ನು ಲೆಕ್ಕಕ್ಕಿಟ್ಟು ನಿನ್ನನ್ನು ಬಿಟ್ಟೆ. ಗೇಟಿಗೆ ಅಂಟಿಸಿದ ಕಾಗದವನ್ನು ಹರಿದೆಯೆಂದು ನಾನು ಎರಡು ವರ್ಷ ಮಾತು ಬಿಟ್ಟೆ. ಆಮೇಲೆ ನಿನ್ನ ದವಡೆಯನ್ನೇ ಕಾಗದ ಮಾಡಿ ಅಂಟಿಸಿದೆ. ನೋವು ನಿಂತಿತು ಎಂದು ನೀನು ಬರೆದಾಗ ಯಾರನ್ನಾದರೂ, ಯಾವ ಡಾಕ್ಟರನ್ನಾದರೂ, ಕೇಳಬಹುದಿತ್ತು. ನನ್ನ ಕೋಣೆಯಲ್ಲಿ ನಾಲ್ಕು ಪೆಟ್ಟಿಗೆ ಕರಪತ್ರಗಳಿವೆ. ಕೇಳಲಿಲ್ಲ. ಗೊತ್ತಿದೆ ಎಂದುಕೊಂಡೆ.

ಕ್ಷಮಿಸು ಎಂದು ಬರೆಯುವುದಿಲ್ಲ. ಅದು ಮತ್ತೆ ನಿನ್ನಿಂದ ಏನೋ ಕೇಳಿದಂತೆ.

ಆ ಕರಪತ್ರದ ಇನ್ನೂರು ಪ್ರತಿ ನಿಮ್ಮ ಕಾರ್ಖಾನೆಗೆ ಕಳಿಸಿದ್ದೇನೆ, ಕುಳ್ಳ ಮಾಮನ ಹೆಸರಿಗೆ. ಹೊಸ ಅರ್ಜಿಯನ್ನೂ ಬರೆದಿದ್ದೇನೆ. ಆದರೆ ಕೊನೆಯಲ್ಲಿ, ಊದುವವರೆಲ್ಲ ಮೊದಲು ಡಾಕ್ಟರಿಗೆ ಹಲ್ಲು ತೋರಿಸಿ ಬರಬೇಕು, ಸಹಿ ಆಮೇಲೆ ಎಂದು ಬರೆದಿದ್ದೇನೆ. ಈ ಸಲ ಯಾರೂ ಏನನ್ನೂ ಇಟ್ಟುಕೊಳ್ಳುವುದು ಬೇಡ.

ಅತ್ತೆ ಬರಬೇಡ ಎಂದಿದ್ದಾರೆ. ಅವರು ಹೇಳಿದ್ದು ಸರಿ.

ಗರಗಸ


ಮಾರ್ಚ್ ೧೮

ಮಗಳೇ,

ಮೂರು ದಿನದಿಂದ ಕೂತು ಬರೆಯಲಾಗುತ್ತಿದೆ. ಅದಕ್ಕೆ ಮುಂಚೆ ಸ್ಲೇಟಿನ ಮೇಲೆ ‘ನೀರು’, ‘ಹೂಂ’, ‘ಕುಳ್ಳನನ್ನು ಹೊರಗೆ ಕಳಿಸಿ’ ಇಷ್ಟೇ ಬರೆಯುತ್ತಿದ್ದೆ. ಅವನು ದಿನಾ ಬಂದು ನಗಿಸುತ್ತಾನೆ. ನಗು ಬಾಯಿಗೆ ಬಾರದೆ ಕತ್ತಿನ ನಳಿಗೆಯಲ್ಲಿ ಬುಸ್ ಎನ್ನುತ್ತದೆ. ಅದನ್ನು ಕೇಳಿ ಅವನೇ ಹೆದರುತ್ತಾನೆ. ನಿನ್ನ ಕರಪತ್ರ ಓದಿ ಡಾಕ್ಟರ ಹತ್ತಿರ ಎರಡೂ ಕೆನ್ನೆ ತೋರಿಸಿಕೊಂಡನಂತೆ. “ಎರಡೂ ಅಸಲಿ ಅಂದ್ರು” ಎಂದು ಹೆಮ್ಮೆ. ಇನ್ನಿಬ್ಬರಿಗೆ ಮಾತ್ರ ಅಸಲಿ ಇರಲಿಲ್ಲ. ಅವರ ಹಲ್ಲು ಕಿತ್ತು ಔಷಧಿ ಕೊಟ್ಟರು. ಕೆಲಸಕ್ಕೆ ಬರುತ್ತಿದ್ದಾರೆ.

ನಿನ್ನ ಕಾಗದವನ್ನು ನರ್ಸಮ್ಮ ಕೊಟ್ಟಳು. ನೀನು ಬಂದು ಹೋದದ್ದು ಅದರಿಂದಲೇ ನನಗೆ ತಿಳಿದದ್ದು. ಅಕ್ಕ ಹೇಳಿರಲಿಲ್ಲ. ಸ್ಲೇಟಿನ ಮೇಲೆ ‘ಯಾಕೆ?’ ಎಂದು ಬರೆದು ತೋರಿಸಿದೆ. ಅವಳು ಸ್ಲೇಟು ಒರೆಸಿಬಿಟ್ಟಳು. ಮತ್ತೆ ಬರೆದೆ. ಮತ್ತೆ ಒರೆಸಿದಳು. ನಾಲ್ಕನೆಯ ಸಲಕ್ಕೆ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಈಗ ನಿನಗೆ ಬೈಯುವುದಿದೆ. ತಪ್ಪೆಲ್ಲ ನಿನ್ನದೇ ಎಂದು ಒಬ್ಬಳೇ ಬಾಚಿಕೊಂಡಿದ್ದೀಯಲ್ಲ, ನನಗೂ ಸ್ವಲ್ಪ ಬಿಡು. ನಾನೇನು ಹಸುಗೂಸೇ? ಬಾಯಿ ತೆರೆಯಲಾಗದ ದಿನವೂ ಪಾಳಿ ಮುಗಿಯಲಿ ಎಂದವನು ನಾನು. ನೀನು ಕೇಳಿದ್ದಕ್ಕೆ ಹಲ್ಲು ಇಟ್ಟುಕೊಂಡೆ, ನಿಜ. ಆದರೆ ಪೂರ್ತಿ ನಿಜ ಹೇಳಲೇ? ಹಲ್ಲು ಇರುವವರೆಗೆ ನಿನ್ನ ಕಾಗದ ಬರುತ್ತದೆ ಎಂದು ಇಟ್ಟುಕೊಂಡೆ. ಎರಡು ವಾರಕ್ಕೋ ತಿಂಗಳಿಗೋ ಒಂದು ಬರುತ್ತಿತ್ತು. ಕಿತ್ತರೆ ನಿಲ್ಲುತ್ತದೆಯೋ ಏನೋ ಎಂಬ ಭಯ. ಇದನ್ನು ಯಾವ ಅಧಿಕಾರಿಗೆ ಹೇಳುವುದು?

ಗೇಟಿನ ಕಾಗದ ಹರಿದದ್ದೂ ಭಯದಿಂದಲೇ. ಅವರು ನಿನ್ನನ್ನು ಹಿಡಿದುಕೊಂಡು ಹೋಗುತ್ತಾರೆ ಎಂದುಕೊಂಡೆ. ನೋಡು, ಮೂರು ಸಲ ಕೂತು ಬರೆಯಲಾಗದ್ದು ಈಗ ಒಂದೇ ಸಾಲಿನಲ್ಲಿ ಬಂತು.

ಇನ್ನು ಊದುವಂತಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಎದೆಯಲ್ಲಿ ಆಗಿರುವ ಗಾಯಕ್ಕೆ ಆ ಒತ್ತಡ ತಡೆಯುವುದಿಲ್ಲವಂತೆ. ಗಾಜು ತಿರುಗಿಸುವವರಿಗೆ ಹದ ಹೇಳಿಕೊಡಬಹುದು, ಅದಕ್ಕೆ ದನಿ ಬೇಕು. ದನಿ ಇದೆಯೋ ಇಲ್ಲವೋ ಇನ್ನೂ ಯಾರಿಗೂ ಗೊತ್ತಿಲ್ಲ. ಬರುವ ಸೋಮವಾರ ನಳಿಗೆಗೆ ಬಿರಡೆ ಹಾಕಿ ನೋಡುತ್ತಾರಂತೆ. ಉಸಿರು ಹಳೆಯ ದಾರಿಯಲ್ಲಿ ಬರಬೇಕು. ಬಂದರೆ ಮಾತಾಡಬಹುದು. ಬರದಿದ್ದರೆ ಬಿರಡೆ ತೆಗೆದು ಇನ್ನಷ್ಟು ದಿನ ಕಾಯುವುದು. ಹಗಲು ಹೊತ್ತಿನಲ್ಲೂ ಅದೇ ಕನಸು. ಬಾಯಿ ತೆರೆಯುತ್ತೇನೆ, ದನಿಯ ಬದಲು ಸಣ್ಣ ಸಣ್ಣ ಬುರುಡೆಗಳು ಹೊರಬಂದು ಕಿಟಕಿಯಾಚೆ ತೇಲಿ ಹೋಗುತ್ತವೆ. ಚೆಂದವಾಗಿರುತ್ತವೆ, ಆದರೂ ಬೆವರುತ್ತೇನೆ.

ನನಗೆ ಹೆದರಿಕೆಯಾಗಿದೆ ಮಗಳೇ. ಎದುರಿಗೆ ಯಾರೂ ಇಲ್ಲದಿದ್ದರೆ ಏನು ಮಾತಾಡಲಿ? ಡಾಕ್ಟರು ‘ಒಂದು ಎರಡು ಮೂರು ಅನ್ನಿ’ ಎನ್ನುತ್ತಾರಂತೆ. ಅಷ್ಟು ದೂರದಿಂದ ವಾಪಸ್ಸು ಬಂದ ದನಿಯನ್ನು ಮಗ್ಗಿ ಹೇಳಿ ಖರ್ಚು ಮಾಡಲಾರೆ. ನೀನು ಎದುರಿಗಿದ್ದರೆ ಬೈಯುವುದಕ್ಕಾದರೂ ಒಂದು ಮಾತು ಹುಟ್ಟುತ್ತದೆ.

ಅತ್ತೆ ಬೇಡ ಎಂದರು ಎಂದು ಬರೆದಿದ್ದೀ. ಮಾಲೀಕರ ಮಾತು ಕೇಳದವಳು, ಅಪ್ಪನ ಮಾತು ಕೇಳದವಳು, ಅತ್ತೆಯ ಮಾತು ಕೇಳಿಬಿಟ್ಟೆಯಾ?

ಮಾರ್ಚ್ ೨೪, ಸೋಮವಾರ, ಬೆಳಗ್ಗೆ ಹತ್ತು ಗಂಟೆ. ಎರಡನೆಯ ಮಹಡಿ, ಎಡಗಡೆ ಕೊನೆಯ ಬಾಗಿಲು. ಅಕ್ಕ ಅಲ್ಲೇ ಸ್ಟೂಲು ಹಾಕಿಕೊಂಡು ಕೂತಿರುತ್ತಾಳೆ. ಅವಳನ್ನು ದಾಟಿಕೊಂಡು ಬಾ.

ಅಪ್ಪ